ಬೆರಳಿಗೆ ಕಂಡದ್ದು

ಕಾರಿನ ಬಾನೆಟ್ ಮೇಲೆ ಮೊದಲು ಕಂಡದ್ದು ಒಂದು ಬಿಳಿ ಚುಕ್ಕಿ. ಹಕ್ಕಿ ಹಿಕ್ಕೆ ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ನೋಡನೋಡುತ್ತ ಅದು ಅಂಗೈಯಗಲ ಆಯಿತು. ಅಂಚಿನಲ್ಲಿ ಹಾವಿನ ಪೊರೆಯಂಥ ತೆಳು ಪದರ ಎದ್ದು ನಿಂತಿತ್ತು. ಉಗುರು ತಾಗಿಸಿದರೆ ಸಾಕು, ಸುಲಿದು ಬರುತ್ತದೆ. ಕೀಳಬಾರದು ಅಂತ ಗೊತ್ತು. ಗಾಯದ ಹಕ್ಕಳೆಯೂ ಹಾಗೇ ಅಲ್ವಾ, ಕೈ ಸುಮ್ನೆ ಇರಬೇಕಲ್ಲ!

ಕಾರಿನ ಹೊಳಪು ಬಣ್ಣದ್ದಲ್ಲ, ಅದರ ಮೇಲಿನ ಬಣ್ಣವಿಲ್ಲದ ಪದರದ್ದು. ಅದೇ ಕ್ಲಿಯರ್ ಕೋಟ್. ದಪ್ಪ ಸುಮಾರು 40-50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), ಕೆಳಗಿನ ಬಣ್ಣ ಅದಕ್ಕಿಂತಲೂ ತೆಳು. ಬಿಸಿಲಿನ ಏಟು ತಿನ್ನುವುದೆಲ್ಲ ಈ ಪದರವೇ. ಆಕಾಶ ನೋಡಿಕೊಂಡಿರುವ ಬಾನೆಟ್, ಟಾಪು, ಡಿಕ್ಕಿ ಮೊದಲು ಸುಲಿಯುತ್ತವೆ. ಬಾಗಿಲುಗಳು ತಮಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಮಿರಮಿರ ಮಿಂಚುತ್ತಿರುತ್ತವೆ.

ಪಾಲಿಶ್ ಹಾಕಿ ನೋಡಿದೆ. ಇಲ್ಲದ ಪದರವನ್ನು ಪಾಲಿಶ್ ಎಲ್ಲಿಂದ ತಂದೀತು? ನೀರು ಸುರಿದಾಗ ಮಾತ್ರ ಕಲೆ ಮಾಯ. ನೀರೇ ಅಷ್ಟು ಹೊತ್ತು ಕ್ಲಿಯರ್ ಕೋಟ್ ಆಗಿಬಿಡುತ್ತದೆ. ತೊಳೆದ ಹತ್ತು ನಿಮಿಷ ಹೊಸ ಕಾರಿನ ಮಾಲೀಕ ನಾನು, ಆಮೇಲೆ ಯಥಾಪ್ರಕಾರ.

ಕೊನೆಗೆ ಬಣ್ಣ ಹೊಡೆಸುವುದೇ ಸರಿ ಅನ್ನಿಸಿತು. ಹೊಡೆಯುವುದು ಪೇಂಟರ್ ಕೆಲಸ. ಬಣ್ಣ ಸಿಂಪಡಿಸುವಾಗಿನ ಗಾಳಿ ಎದೆಗೆ ಒಳ್ಳೆಯದಲ್ಲ, ಅದಕ್ಕೆ ಸರಿಯಾದ ಮಾಸ್ಕು ಬೇಕು. ಉಜ್ಜಿ ಅಣಿ ಮಾಡುವುದು ನನ್ನ ಪಾಲು ಅಂತ ಜಂಬದಿಂದ ಹೇಳಿಕೊಂಡೆ.

ಮೊದಲ ತಪ್ಪು ಅಲ್ಲೇ ಆಯಿತು. ಪ್ರಯೋಗಕ್ಕೆ ಅಂತ ಸೈಡ್ ಮಿರರ್ ಕವರನ್ನು ಬಿಚ್ಚಿ, ನೇರ ಉಪ್ಪುಕಾಗದ ಹಿಡಿದೆ. ಹಳೇ ಪಾಲಿಶ್‌ನ ಜಿಡ್ಡೆಲ್ಲ ಗೀರುಗಳೊಳಗೆ ಹೋಗಿ ಕೂತಿತು. ಬಣ್ಣ ಬಿದ್ದಾಗ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿಗಳು! ಮೊದಲು ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯುವ ದ್ರಾವಣ, ಉಪ್ಪುಕಾಗದದ ಸರದಿ ಅದಾದ ಮೇಲೆ.

ಬಾನೆಟ್‌ಗೆ 320ರ ಉಪ್ಪುಕಾಗದವನ್ನು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತ ಉಜ್ಜಿದೆ. ಇಳಿಯುವ ನೀರನ್ನೇ ನೋಡುತ್ತಿರಬೇಕು. ಹಾಲಿನಂತೆ ಬೆಳ್ಳಗಿದ್ದರೆ ಸವೆಯುತ್ತಿರುವುದು ಕ್ಲಿಯರ್ ಕೋಟ್. ನನ್ನದು ನೀಲಿ ಕಾರು. ನೀರಿಗೆ ನೀಲಿ ಇಳಿಯಿತೋ, ಬಣ್ಣಕ್ಕೇ ಕೈ ಇಟ್ಟೆ ಅಂತ ಅರ್ಥ. ಬಾನೆಟ್‌ನ ಏಣಿನ ಮೇಲಂತೂ ಎರಡೇ ಎಳೆತಕ್ಕೆ ತಗಡು ಇಣುಕಿತು. ತುಕ್ಕು ಹತ್ತುವ ಮೊದಲೇ ಒರೆಸಿ, ಒಣಗಿಸಿ, ಬಣ್ಣಕ್ಕೆ ಮೊದಲಿನ ತಳಪದರವಾದ ಪ್ರೈಮರ್ ಬಳಿದೆ.

ಅಂಗೈಯಗಲ ಅಂದುಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಅರ್ಧ ಬಾನೆಟ್ ಆಗಿತ್ತು. ಗಟ್ಟಿ ಅಂತ ಕಂಡ ಅಂಚು ಉಜ್ಜಿದಂತೆಲ್ಲ ಹಿಂದೆ ಹಿಂದೆ ಸರಿಯುತ್ತದೆ. ಅದು ಗಟ್ಟಿಯಾಗಿ ಹಿಡಿದುಕೊಂಡಿರುವ ಕಡೆಯವರೆಗೂ ಬೆನ್ನು ಹತ್ತಲೇಬೇಕು. ಸಡಿಲ ಅಂಚಿನ ಮೇಲೆ ಹೊಸ ಬಣ್ಣ ಹೊಡೆದರೆ ಆ ಅಂಚು ಹೊಸ ಬಣ್ಣವನ್ನೂ ಎಬ್ಬಿಸಿಕೊಂಡು ಮೇಲೇಳುತ್ತದೆ.

ಬಣ್ಣ ಎಲ್ಲವನ್ನೂ ಮುಚ್ಚುತ್ತದೆ ಅಂತ ನಂಬಿದ್ದೆ. ಸುಳ್ಳು! ಹೊಳಪಿನಷ್ಟು ಚಾಡಿಕೋರ ಬೇರೆ ಇಲ್ಲ. ಉಜ್ಜಿದ ಮಂಕು ಮೈಯಲ್ಲಿ ಕಾಣದ, ಹಳೇ ಪದರದ ಅಂಚಿನ ಮೆಟ್ಟಿಲು ಹೊಳಪು ಬಂದ ಮೇಲೆ ಬೀದಿಗೆಲ್ಲ ಕಾಣುತ್ತದೆ. ಅದನ್ನು ಹಿಡಿಯಲು ಕಣ್ಣು ಪ್ರಯೋಜನಕ್ಕೆ ಬರಲ್ಲ. ಕಣ್ಣು ಮುಚ್ಚಿ, ತೆಳು ಬಟ್ಟೆ ಹಾಸಿ, ಅದರ ಮೇಲೆ ಬೆರಳು ಆಡಿಸಬೇಕು. ಕೂದಲೆಳೆಯಷ್ಟು ಏರುತಗ್ಗಿದ್ದರೂ ಟಕ್ ಅಂತ ತಡೆಯುತ್ತದೆ.

400, 600ರ ಕಾಗದವೂ ಮುಗಿದು, ಕಾರು ಬೂದಿ ಬಳಿದುಕೊಂಡ ಬೈರಾಗಿಯಂತೆ ನಿಂತಿತ್ತು. ಪಕ್ಕದ ಮನೆಯವರು ಒಂದು ಸುತ್ತು ಹಾಕಿ, "ಮೊದಲೇ ವಾಸಿಯಿತ್ತಲ್ರೀ?" ಅಂದರು.

"ಇನ್ನೂ ಬಣ್ಣ ಬಿದ್ದಿಲ್ಲ" ಅಂದೆ.

"ಉಜ್ಜೋದು ಮುಗೀತಾ ಹಾಗಾದರೆ?"

ಮುಗೀತು ಅನ್ನಲು ಬಾಯಿ ತೆರೆದವನು, ಹೆಡ್‌ಲೈಟ್ ಪಕ್ಕದಲ್ಲಿ ಸುಮ್ನೆ ಒಮ್ಮೆ ಬೆರಳಾಡಿಸಿದೆ. ಟಕ್.