ಊರಿನ ತೀರ್ಮಾನ ಮಾಡುವವರು ಊರಲ್ಲೇ ಇರಲಿ, ಉಳಿದವರನ್ನು ಕಟ್ಟಿಹಾಕಬೇಡಿ

ಸರ್ಕಾರಿ ನೌಕರರು ತಾವು ಕೆಲಸ ಮಾಡುವ ಊರಲ್ಲೇ ವಾಸ ಇರಬೇಕಾ? ಹೀಗೆ ಕೇಳಿದರೆ ಹೆಚ್ಚಿನವರು ಥಟ್ಟನೆ ಹೌದು ಅನ್ನುತ್ತಾರೆ. ನಮ್ಮ ತೆರಿಗೆ ದುಡ್ಡಲ್ಲಿ ಸಂಬಳ ತಗೊಂಡು ಪಕ್ಕದ ಊರಲ್ಲಿ ಮನೆ ಮಾಡಿದರೆ ಹೇಗೆ ಅನ್ನುವುದು ಅವರ ಸಿಟ್ಟು. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ನನ್ನ ಪ್ರಕಾರ ಈ ನಿಯಮ ಮೇಲಿನವರಿಗೆ ಇರಲೇಬೇಕು, ಕೆಳಗಿನವರಿಗೆ ಇರಕೂಡದು. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು.

ಈ ಜಗಳ ಅಮೆರಿಕದಲ್ಲಿ ಜೋರಾಗಿ ನಡೆದಿದೆ. ಫಿಲಡೆಲ್ಫಿಯಾದ ಅಗ್ನಿಶಾಮಕ ದಳದಲ್ಲಿ 16 ವರ್ಷ ದುಡಿದ ಒಬ್ಬರು ಪಕ್ಕದ ನ್ಯೂಜೆರ್ಸಿ ರಾಜ್ಯಕ್ಕೆ ಮನೆ ಬದಲಾಯಿಸಿದರು. ಅಷ್ಟಕ್ಕೇ ಕೆಲಸ ಹೋಯಿತು. ಕೋರ್ಟಿಗೆ ಹೋದರು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪು ಕೊಟ್ಟಿತು. ನೌಕರರು ಊರಲ್ಲೇ ವಾಸವಿರಬೇಕು ಅನ್ನುವ ನಿಯಮದಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದು ಏನೂ ಇಲ್ಲ ಎಂದಿತು. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ಆದರೂ ನನಗೆ ಸಂಕಟವಾಗುತ್ತದೆ. 16 ವರ್ಷ ಬೆಂಕಿ ಆರಿಸಿದ ಮನುಷ್ಯ ಅಲ್ವಾ? ಮನೆ ಗಡಿ ದಾಟಿದ ಮಾತ್ರಕ್ಕೆ ಆ ಕೈಯ ಕಸುಬು ಎಲ್ಲಿಗೆ ಹೋಯಿತು?

ಆಮೇಲೆ ಗಾಳಿ ತಿರುಗಿತು. 1999ರಲ್ಲಿ ಮಿಷಿಗನ್, 2006ರಲ್ಲಿ ಒಹಾಯೋ, 2013ರಲ್ಲಿ ವಿಸ್ಕಾನ್ಸಿನ್ ರಾಜ್ಯಗಳು ಇಂಥ ನಿಯಮಗಳಿಗೆ ಕಡಿವಾಣ ಹಾಕಿದವು. ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರದಲ್ಲಿ 1938ರಿಂದಲೂ ಈ ನಿಯಮ ಇತ್ತು. ನಗರದವರು ಸುಮ್ನೆ ಬಿಡಲಿಲ್ಲ, ರಾಜ್ಯದ ಕಡಿವಾಣದ ವಿರುದ್ಧ ಕೋರ್ಟಿಗೆ ಹೋದರು, 2016ರಲ್ಲಿ ಸೋತರು. ನಗರಗಳ ಭಯವೂ ಸುಳ್ಳಲ್ಲ. ಸಂಬಳ ಇರುವ ಸಾವಿರಾರು ಸಂಸಾರಗಳು ಒಟ್ಟಿಗೆ ಊರು ಬಿಟ್ಟರೆ ಬೀದಿ ಖಾಲಿಯಾಗುತ್ತದೆ, ಶಾಲೆ ಖಾಲಿಯಾಗುತ್ತದೆ, ತೆರಿಗೆ ಕಡಿಮೆಯಾಗುತ್ತದೆ.

ತುರ್ತಿಗೆ ಬೇಗ ಓಡಿಬರಬೇಕಾದವರು ಊರಲ್ಲೇ ಇರಬೇಕು ಅನ್ನುವ ವಾದವೂ ಇದೆ. ಆದರೆ ಅದು ಗಡಿಯ ಪ್ರಶ್ನೆಯಲ್ಲ, ದೂರದ ಪ್ರಶ್ನೆ. ವಿಸ್ಕಾನ್ಸಿನ್‌ನಲ್ಲಿ ಪೊಲೀಸರು, ಅಗ್ನಿಶಾಮಕದವರು ಊರ ಗಡಿಯಿಂದ 15 ಮೈಲಿ ಒಳಗೆ ಇರಬೇಕು ಎಂದು ಹೇಳುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಬಿಟ್ಟಿದ್ದಾರೆ. ಇದು ಸರಿಯಾದ ಯೋಚನೆ.

ಷಿಕಾಗೋ ನಗರ ಹಳೆಯ ನಿಯಮವನ್ನು ಬಿಟ್ಟಿಲ್ಲ. ಅದರ ಫಲ ಏನು ಅಂತ ಭೂಪಟದಲ್ಲೇ ನೋಡಬಹುದು. ಮೌಂಟ್ ಗ್ರೀನ್‌ವುಡ್, ಎಡಿಸನ್ ಪಾರ್ಕ್ ಎರಡೂ ನಗರದ ಗಡಿಗೆ ಅಂಟಿಕೊಂಡಿರುವ ಬಡಾವಣೆಗಳು. ಪೊಲೀಸರು, ಅಗ್ನಿಶಾಮಕದವರು, ನಗರದ ಇತರ ನೌಕರರು ಅಲ್ಲಿ ತುಂಬಿಕೊಂಡಿದ್ದಾರೆ. ವಿಳಾಸ ಊರ ಒಳಗೇ ಇದೆ, ನಿಯಮ ಪಾಲನೆಯಾಗಿದೆ. ಆದರೆ ಊರ ಒಂದು ತುದಿಯಲ್ಲಿ ಮಲಗಿ ಎದ್ದು ಇನ್ನೊಂದು ತುದಿಯ ಬೀದಿಗೆ ಗಸ್ತಿಗೆ ಹೋಗುವ ಪೊಲೀಸನಿಗೆ ಆ ಬೀದಿಯ ಜನ ಪರಿಚಯವಾಗುತ್ತಾರಾ? ವಿಳಾಸವೊಂದೇ ಆ ಕೆಲಸ ಮಾಡುವುದಿಲ್ಲ.

ಹಾಗಾದರೆ ಮೇಲಿನವರಿಗೆ ಮಾತ್ರ ಯಾಕೆ ಬೇಕು? ಯಾಕೆಂದರೆ ಅವರ ಕೈಯಲ್ಲಿ ಆಯ್ಕೆ ಇದೆ. ಮಳೆನೀರು ಚರಂಡಿಯ ಮುಖ್ಯ ಇಂಜಿನಿಯರನ್ನೇ ತಗೊಳ್ಳಿ. ಈ ವರ್ಷ ಯಾವ ರಸ್ತೆಯ ಪೈಪು ಬದಲಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ತಳ್ಳಬೇಕು ಎಂದು ಬರೆಯುವುದು ಅವರೇ. ಊರ ಹೊರಗೆ ಮನೆ ಇದ್ದರೆ ಆ ರಸ್ತೆ ಅವರಿಗೆ ಫೈಲಿನಲ್ಲಿರುವ ಒಂದು ಸಾಲು, ದೂರಿನ ಒಂದು ನಂಬರು. ಊರಲ್ಲಿದ್ದರೆ ರಾತ್ರಿ ಮಳೆ ಹಿಡಿದಾಗ ಗೇಟಿನ ಕೆಳಗಿನಿಂದ ನುಗ್ಗುವ ಕಪ್ಪು ನೀರು ಕಾಣುತ್ತದೆ. ಬೆಳಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆ ದಾಟುವ ಮಕ್ಕಳು ಕಾಣುತ್ತಾರೆ. ನೀರು ಎಷ್ಟು ಹೊತ್ತು ನಿಂತಿತು ಎಂದು ಯಾರೂ ವರದಿ ಬರೆದು ತಿಳಿಸಬೇಕಾಗಿಲ್ಲ.

ದೊಡ್ಡ ಅಧಿಕಾರಿ ಊರಲ್ಲಿದ್ದರೂ ಒಳ್ಳೆಯ ಬಡಾವಣೆಯಲ್ಲೇ ಇರುತ್ತಾರೆ, ಮೊದಲು ತಮ್ಮ ಬೀದಿಯನ್ನೇ ಸರಿ ಮಾಡಿಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ನಿಜ, ಹಾಗೂ ಆಗುತ್ತದೆ. ಆದರೆ ಗಾಳಿ, ಟ್ರಾಫಿಕ್, ಆಸ್ಪತ್ರೆ, ನಲ್ಲಿ ನೀರು ಇವಕ್ಕೆಲ್ಲ ಬಡಾವಣೆಯ ಬೇಲಿ ಇಲ್ಲ. ಜೊತೆಗೆ ಊರಲ್ಲಿರುವ ಅಧಿಕಾರಿಯನ್ನು ಭಾನುವಾರವೂ ಯಾರಾದರೂ ನಿಲ್ಲಿಸಿ, "ನಮ್ಮ ಕಡೆ ಯಾವಾಗ ಸರ್?" ಎಂದು ಕೇಳುತ್ತಾರೆ. ಆ ಕಿರಿಕಿರಿ ಅವರಿಗೆ ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಜನರಿಂದ ಆಯ್ಕೆಯಾಗುವ ಕೌನ್ಸಿಲರ್ ಊರಲ್ಲೇ ಇರಬೇಕು ಅಂತೀವಿ. ಅವರಿಗಿಂತ ಜಾಸ್ತಿ ಕಾಲ ಕುರ್ಚಿಯಲ್ಲಿ ಕೂರುವ ಅಧಿಕಾರಿಗೆ ಯಾಕೆ ವಿನಾಯಿತಿ?

ಕೆಳಗಿನವರ ಕಥೆ ಬೇರೆಯೇ. ಬೆಳಗಿನ ಜಾವ ಐದಕ್ಕೆ ಆಸ್ಪತ್ರೆಯ ವಾರ್ಡ್ ಒರೆಸಲು ಬರುವ ಹೆಂಗಸು ಮೂರೂವರೆಗೆ ಮನೆ ಬಿಟ್ಟಿರುತ್ತಾಳೆ. ದೂರ ಇರಬೇಕು ಅಂತ ಆಸೆಯಿಂದ ಆಕೆ ಅಲ್ಲಿಲ್ಲ. ಊರೊಳಗಿನ ಬಾಡಿಗೆ ಆಕೆಯ ಸಂಬಳವನ್ನು ನುಂಗುತ್ತದೆ. ಆಕೆಗೆ "ಊರಲ್ಲೇ ಇರು, ಇಲ್ಲದಿದ್ದರೆ ಕೆಲಸ ಬಿಡು" ಎಂದು ನಿಯಮ ತೋರಿಸುವುದು ಕ್ರೌರ್ಯ. ಹತ್ತಿರ ಬಂದು ಇರಲಿ ಅನ್ನುವ ಆಸೆ ನಿಜವಾಗಿಯೂ ಇದ್ದರೆ ಮನೆ ಕೊಡಿ. ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆಯ ಒಂದು ಯೋಜನೆ ಈ ದಾರಿಯಲ್ಲಿದೆ. ಶಿಕ್ಷಕರು, ಪೊಲೀಸರು, ಅಗ್ನಿಶಾಮಕದವರು, ತುರ್ತು ವೈದ್ಯಕೀಯ ಸಿಬ್ಬಂದಿಗೆ ಆಯ್ದ ಪ್ರದೇಶಗಳಲ್ಲಿ ಸರ್ಕಾರದ ಕೈಯಲ್ಲಿರುವ ಮನೆಗಳನ್ನು 50% ರಿಯಾಯಿತಿಯಲ್ಲಿ ಮಾರುತ್ತಾರೆ. ಷರತ್ತು ಇಷ್ಟೇ, 36 ತಿಂಗಳು ಆ ಮನೆಯಲ್ಲಿ ತಾವೇ ವಾಸ ಮಾಡಬೇಕು. ಆದರೆ ಆ ಪಟ್ಟಿಯಲ್ಲಿ ವಾರ್ಡ್ ಒರೆಸುವವಳು ಇಲ್ಲ. ನನ್ನನ್ನು ಕೇಳಿದರೆ ಆಕೆಯ ಹೆಸರೇ ಮೊದಲು ಬರಬೇಕಿತ್ತು.

ಮೇಲಿನವರಿಗೂ ಕೆಲವೊಮ್ಮೆ ವಿನಾಯಿತಿ ಬೇಕಾಗುತ್ತದೆ. ಸಂಗಾತಿಯ ಕೆಲಸ ಬೇರೆ ಊರಲ್ಲಿರಬಹುದು, ಮನೆಯಲ್ಲಿ ಕಾಯಿಲೆಯವರಿರಬಹುದು, ಜೀವ ಬೆದರಿಕೆ ಇರಬಹುದು. ಕೊಡಲಿ. ಆದರೆ ಕೆಲಸಕ್ಕೆ ಕರೆಯುವ ಜಾಹೀರಾತಿನಲ್ಲೇ ವಾಸದ ಷರತ್ತು ಬರೆದಿರಲಿ. ಎಷ್ಟು ಅಧಿಕಾರಿಗಳಿಗೆ, ಎಷ್ಟು ಕಾಲಕ್ಕೆ ವಿನಾಯಿತಿ ಕೊಟ್ಟಿದ್ದಾರೆ ಅನ್ನುವುದನ್ನು ಪ್ರತಿ ವರ್ಷ ಜನರ ಮುಂದೆ ಇಡಲಿ.