ಬೇಸಿಗೆ ರಜೆಯಲ್ಲೇ ಗೊರಿಲ್ಲಾ ನೋಡಲು ಹೊರಡುತ್ತೇವೆ

ಮುಂದಿನ ಬೇಸಿಗೆ ರಜೆಗೆ ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗ್ತೀವಿ ಅಂದರೆ ಬೆಂಗಳೂರಿನ ಗೆಳೆಯರದ್ದು ಒಂದೇ ಮಾತು: "ಏಪ್ರಿಲ್‌ನಲ್ಲಿ ಅಲ್ಲಿ ಭಾರಿ ಮಳೆ ಮಾರಾಯ, ಜುಲೈವರೆಗೆ ಕಾಯಿ." ನಾನು ಕಾಯುವುದಿಲ್ಲ. ನೀವೂ ಕಾಯಬೇಡಿ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಮಳೆ ಇರೋದು ನಿಜ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಪ್ರವಾಸಿಗರು ಜಾಸ್ತಿ ಬರೋದು ಜೂನ್ ನಂತರ, ನೆಲ ಒಣಗಿದ ಮೇಲೆ. ಆದರೆ ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ 8 ಜನ ಮಾತ್ರ ನೋಡಬಹುದು, ಅದೂ ಒಂದೇ ಗಂಟೆ. ಹಾಗಾಗಿ ಆ ತಿಂಗಳುಗಳ ಪರ್ಮಿಟ್ ಬಹಳ ಮೊದಲೇ ಮುಗಿದುಹೋಗುತ್ತದೆ. ನಮ್ಮ ಮಕ್ಕಳಿಗೂ ಆಗ ಸ್ಕೂಲು. ಏಪ್ರಿಲ್‌ನಲ್ಲಾದರೆ ಪರ್ಮಿಟ್ ಸುಲಭವಾಗಿ ಸಿಗುತ್ತದೆ, ಎಷ್ಟೋ ಲಾಡ್ಜ್‌ಗಳು ದರವನ್ನೂ ಇಳಿಸುತ್ತವೆ. 15 ವರ್ಷ ತುಂಬದವರನ್ನು ಬಿಡುವುದಿಲ್ಲ. ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾಳೆ, ಆ ತೊಂದರೆ ಇಲ್ಲ.

ಮಳೆ ಬಂದರೆ ಗೊರಿಲ್ಲಾ ಕಾಣಲ್ಲ ಅನ್ನುವುದು ಸುಮ್ನೆ ಹೆದರಿಕೆ. ಟ್ರ್ಯಾಕರ್‌ಗಳು ಬೆಳಿಗ್ಗೆ ಬೇಗ ಕಾಡಿಗೆ ಇಳಿಯುತ್ತಾರೆ. ಹಿಂದಿನ ದಿನ ಕುಟುಂಬವನ್ನು ಬಿಟ್ಟು ಬಂದ ಜಾಗದಿಂದ ಹುಡುಕಲು ಶುರು. ರಾತ್ರಿ ಮಲಗಿದ ಗೂಡು, ತುಳಿದ ಗಿಡ, ಅಗಿದು ಬಿಟ್ಟ ಸೊಪ್ಪು, ಲದ್ದಿ ನೋಡುತ್ತಾ ಹಿಂದೆಯೇ ಹೋಗಿ, ಎಲ್ಲಿವೆ ಅಂತ ಗೈಡ್‌ಗೆ ತಿಳಿಸುತ್ತಾರೆ. ಜೋರು ಮಳೆಗೆ ಗೊರಿಲ್ಲಾಗಳು ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ಕೂತುಬಿಡುತ್ತವೆ. ಕಷ್ಟ ಇರೋದು ನಮ್ಮ ಕಾಲಿಗೆ. ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಿದವರಿಗೆ ಆ ಕೆಸರು, ಆ ಜಾರಿಕೆ ಹೊಸದೇನಲ್ಲ. ತುರಿಕೆ ಗಿಡಗಳಿವೆ, ಕೈಗೆ ದಪ್ಪ ಗ್ಲೌಸ್ ಇರಲಿ. ಬ್ಯಾಗ್ ಹೊರಲು ಊರಿನ ಪೋರ್ಟರ್ ಒಬ್ಬರನ್ನು ಕರೆದುಕೊಳ್ಳಿ. ನಿಮಗೆ ಶಕ್ತಿ ಇದ್ದರೂ ಕರೆದುಕೊಳ್ಳಿ. ಪ್ರವಾಸಿಗರಿಲ್ಲದ ತಿಂಗಳಲ್ಲಿ ಅವರಿಗೆ ಕೆಲಸವೂ ಇರುವುದಿಲ್ಲ ಅಲ್ವಾ?

ಇನ್ನು ದುಡ್ಡು. ಉಗಾಂಡಾದಲ್ಲಿ ಪರ್ಮಿಟ್‌ಗೆ 800 ಡಾಲರ್, ರುವಾಂಡಾದಲ್ಲಿ 1,500. ಒಂದು ಗಂಟೆಗೆ 70 ಸಾವಿರ ರೂಪಾಯಿ ಹತ್ತಿರ ಕೊಡಬೇಕಾ ಅಂತ ಕೇಳುತ್ತಾರೆ. ಕೊಡಬೇಕು. ಇವು ಬೆಟ್ಟದ ಗೊರಿಲ್ಲಾಗಳು (ಮೌಂಟನ್ ಗೊರಿಲ್ಲಾ). 1980ರ ದಶಕದ ಶುರುವಿನಲ್ಲಿ ಉಗಾಂಡಾ, ರುವಾಂಡಾ, ಕಾಂಗೋ ಗಡಿಯ ವಿರುಂಗಾ ಬೆಟ್ಟಗಳಲ್ಲಿ ಉಳಿದಿದ್ದವು 250ರ ಆಸುಪಾಸು. ಅಲ್ಲಿ ಈಗ 600 ದಾಟಿವೆ. ಬ್ವಿಂಡಿಯದ್ದೂ ಸೇರಿದರೆ ಒಟ್ಟು 1,063 ಅಂತ ಕಳೆದ ಎಣಿಕೆ ಹೇಳಿತು. ಬೇಟೆಯ ಉರುಳು ತೆಗೆಯುವ ಕಾವಲುಗಾರರಿಗೆ, ದಿನವೂ ಹಿಂದೆ ಹೋಗುವ ಟ್ರ್ಯಾಕರ್‌ಗಳಿಗೆ ಸಂಬಳ ಬರಬೇಕಲ್ಲ. ಒಂದು ಪಾಲು ಸುತ್ತಲಿನ ಹಳ್ಳಿಗಳಿಗೂ ಹೋಗುತ್ತದೆ. 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿ ಬದುಕುತ್ತಿದ್ದ ಬಟ್ವಾ ಜನರನ್ನು ಹೊರಗೆ ಕಳಿಸಿದರು. ಆ ಅನ್ಯಾಯ ಇನ್ನೂ ತೀರಿಲ್ಲ. ಹಳ್ಳಿಗಳ ಪಾಲು ಇನ್ನೂ ದೊಡ್ಡದಾಗಬೇಕು, ಬಟ್ವಾ ಜನರ ಕೈಗೆ ನೇರವಾಗಿ ಸೇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪರ್ಮಿಟ್ ಅಗ್ಗವಾಗಬೇಕು ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ದಾರಿಯ ಬಗ್ಗೆ ಒಂದು ಮಾತು. ಉಗಾಂಡಾದ ವಿಮಾನ ನಿಲ್ದಾಣ ಇರುವ ಎಂಟೆಬೆಯಲ್ಲಿ ಇಳಿದರೆ ಬ್ವಿಂಡಿಗೆ ಇಡೀ ದಿನದ ರಸ್ತೆ ಪ್ರಯಾಣ. ರುವಾಂಡಾದ ಕಿಗಾಲಿಯಿಂದ ಕಾಡಿನ ದಕ್ಷಿಣದ ಭಾಗಗಳು ಹತ್ತಿರ. ಎರಡೂ ದೇಶಗಳಿಗೆ ನಡೆಯುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ.

ಯೆಲ್ಲೋ ಫೀವರ್ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ದೇಶದಲ್ಲೇ ಕ್ವಾರಂಟೈನ್ ಮಾಡುತ್ತಾರೆ. ಅರವತ್ತು ದಾಟಿದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಗೊರಿಲ್ಲಾಗಳ ಹತ್ತಿರ ಹೋದಾಗ ಮಾಸ್ಕ್ ಹಾಕಬೇಕು, ಗೈಡ್ ಹೇಳಿದಷ್ಟು ದೂರ ನಿಲ್ಲಬೇಕು. ನಮ್ಮ ನೆಗಡಿ, ಕೆಮ್ಮು ಅವಕ್ಕೂ ಅಂಟುತ್ತದೆ. ನಮಗೆ ನಾಲ್ಕು ದಿನದಲ್ಲಿ ಹೋಗುವ ಸೋಂಕು ಅಲ್ಲಿ ಒಂದು ಮರಿಯ ಜೀವ ತೆಗೆಯಬಹುದು. ಮಾತ್ರೆ ನುಂಗಿ ಕೆಮ್ಮು ಮುಚ್ಚಿಟ್ಟು ಹೋಗುವವರನ್ನು ನಾನು ಕ್ಷಮಿಸಲಾರೆ. ಮನೆಯಲ್ಲಿ ಈಗಲೇ ತೀರ್ಮಾನ ಮಾಡಿದ್ದೇವೆ: ಆ ದಿನ ಯಾರಿಗೆ ಗಂಟಲು ಕೆರೆದರೂ ಅವರು ಲಾಡ್ಜ್‌ನಲ್ಲೇ ಉಳಿಯುತ್ತಾರೆ, ಪರ್ಮಿಟ್ ದುಡ್ಡು ಹೋದರೂ ಸರಿ.