ಟರ್ಬೈನ್ ಗವರ್ನರ್‌ಗೆ ಕೂಲಿ ಕೊಡುವವರು ಯಾರು?

ಆಸ್ಟ್ರೇಲಿಯಾದಲ್ಲಿ ಕರೆಂಟನ್ನಷ್ಟೇ ಅಲ್ಲ, ಗ್ರಿಡ್‌ನ ಆವರ್ತನ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆಂಬ ಲೆಕ್ಕ; 50 ಹರ್ಟ್ಜ್ ಇರಬೇಕು, ಉತ್ಪಾದನೆಗಿಂತ ಬಳಕೆ ಹೆಚ್ಚಾದರೆ ಇಳಿಯುತ್ತದೆ) ಕಾಯುವ ಕೆಲಸವನ್ನೂ ಐದೈದು ನಿಮಿಷಕ್ಕೊಮ್ಮೆ ಹರಾಜಿಗಿಡುತ್ತಾರೆ. 2001ರಿಂದಲೂ ಹೀಗೇ. ಇಲ್ಲಿಗೆ ಬಂದ ಹೊಸತರಲ್ಲಿ ಇದನ್ನು ಕಂಡು ಬೆರಗಾಗಿದ್ದೆ. ಈಗ ಅಷ್ಟೇನಿಲ್ಲ.

ನಮ್ಮ ಭಾರತದಲ್ಲಿ ಇದಕ್ಕಿಂತ ಜಾಣ ಉಪಾಯವಿತ್ತು. 2002-03ರಲ್ಲಿ ಬಂದ ಎಬಿಟಿ (ಲಭ್ಯತೆ ಆಧಾರಿತ ದರ) ಪದ್ಧತಿಯಲ್ಲಿ, ಮೊದಲೇ ನಿಗದಿಯಾದ ವೇಳಾಪಟ್ಟಿ ಮೀರಿ ರಾಜ್ಯಗಳು ಗ್ರಿಡ್‌ನಿಂದ ಎಳೆದ ವಿದ್ಯುತ್ತಿಗೆ ಆವರ್ತನವೇ ಬೆಲೆ ಕಟ್ಟುತ್ತಿತ್ತು. 50.5 ಹರ್ಟ್ಜ್‌ಗೆ ಏರಿದರೆ ಸೊನ್ನೆ, 49ರ ಬಳಿಗೆ ಕುಸಿದರೆ ಗರಿಷ್ಠ ದರ. ಹರಾಜಿನ ಗೋಜೇ ಇಲ್ಲ, ಮೀಟರ್ ನೋಡಿದರೆ ಸಾಕು. ಆದರೆ ರಾಜ್ಯಗಳು ದಂಡವನ್ನೂ ಒಂದು ದರವೆಂದೇ ಬಗೆದವು: ಬೇಕಾದಷ್ಟು ಎಳೆ, ಆಮೇಲೆ ದುಡ್ಡು ಕಟ್ಟು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದದ್ದಕ್ಕೆ ಈ ಚಾಳಿಯೂ ಒಂದು ಕಾರಣ. (ದಕ್ಷಿಣ ಬಚಾವಾಯಿತೆಂದು ನಾವು ಬೀಗುವಂತಿಲ್ಲ. ನಮ್ಮ ಗ್ರಿಡ್ ಆಗಿನ್ನೂ ಉಳಿದ ದೇಶದೊಂದಿಗೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲ. ರಾಯಚೂರು–ಸೊಲ್ಲಾಪುರ ಲೈನ್ ಆ ಬೆಸುಗೆ ಹಾಕಿದ್ದು 2013ರ ಡಿಸೆಂಬರ್ 31ರಂದು.)

ಎರಡೂ ಕಡೆ ಪೆಟ್ಟು ಬಿದ್ದದ್ದು ಗವರ್ನರ್‌ಗೆ. ಟರ್ಬೈನ್ ವೇಗ ತುಸು ಇಳಿದೊಡನೆ, ಯಾರ ಅಪ್ಪಣೆಗೂ ಕಾಯದೆ ಹಬೆಯನ್ನೋ ನೀರನ್ನೋ ಹೆಚ್ಚಿಸುವ ಸಾಧನ ಅದು. ಇಲ್ಲಿನ ಮಾರುಕಟ್ಟೆಯಲ್ಲಿ ಆವರ್ತನ 49.85 ಮತ್ತು 50.15ರ ನಡುವೆ ಇರುವಾಗ ಗವರ್ನರ್ ದುಡಿದರೆ ಕಾಸು ಹುಟ್ಟುತ್ತಿರಲಿಲ್ಲ, ಯಂತ್ರ ಸವೆಯುವುದಷ್ಟೇ ಲಾಭ. ಹಲವು ಸ್ಥಾವರಗಳು ಅದನ್ನು ಮಂಕಾಗಿಸಿಬಿಟ್ಟವು, ಆವರ್ತನ ಅಲೆದಾಡತೊಡಗಿತು. ಕೊನೆಗೆ 2020ರಲ್ಲಿ ಕಾನೂನು ಮಾಡಿ ಎಲ್ಲರ ಗವರ್ನರ್‌ಗಳನ್ನೂ ಎಚ್ಚರಿಸಬೇಕಾಯಿತು. ಹರಾಜನ್ನೇ ನಂಬಿದ್ದ ದೇಶದಲ್ಲಿ! ನಮ್ಮಲ್ಲಿ ನಿಯಮಕ್ಕೇನೂ ಬರವಿರಲಿಲ್ಲ, ಗ್ರಿಡ್ ಸಂಹಿತೆಯಲ್ಲೇ ಬರೆದಿತ್ತು. ಪಾಲಿಸಿದವರಿಗೆ ಬಿಡಿಗಾಸು ಸಿಗದ ಕಾರಣ ಸ್ಥಾವರಗಳು ವಿನಾಯಿತಿ ಕೇಳುತ್ತಾ ಕುಳಿತವು.

ನನ್ನ ಮಟ್ಟಿಗೆ ಗವರ್ನರ್ ಕಡ್ಡಾಯವಾಗಬೇಕು, ಕೂಲಿಯೂ ಸಿಗಬೇಕು. ಮಿಕ್ಕದ್ದನ್ನು ಬೇಕಾದರೆ ಹರಾಜು ಹಾಕಿಕೊಳ್ಳಲಿ. 2025ರ ಜೂನ್‌ನಿಂದ ಇಲ್ಲಿ ಆವರ್ತನ ಕೆಡಿಸಿದವರು ತೆತ್ತು, ಹಿಡಿದು ನಿಲ್ಲಿಸಿದವರು ಪಡೆಯುವ ಲೆಕ್ಕ ಶುರುವಾಗಿದೆ. ಓದುತ್ತಾ ನಗು ಬಂತು, ಇದು ನಮ್ಮ ಎಬಿಟಿಯ ತಮ್ಮನೇ ಅಲ್ಲವೇ! ವ್ಯತ್ಯಾಸವಿರುವುದು ಅಳತೆಯಲ್ಲಿ. ಅಂದು ನಾವು 15 ನಿಮಿಷದ ಸರಾಸರಿ ಹಿಡಿದೆವು. ಗವರ್ನರ್ ಕೆಲವೇ ಸೆಕೆಂಡುಗಳಲ್ಲಿ ಮಾಡಿದ ದುಡಿಮೆ ಅದರೊಳಗೆ ಕರಗಿಹೋಗುತ್ತಿತ್ತು. ಇವರು 4 ಸೆಕೆಂಡಿಗೊಮ್ಮೆ ಅಳೆಯುತ್ತಿದ್ದಾರೆ.